ಸೂಜಿಯ ಮುಂದೆ ಎಲ್ಲರ ಮೈಯೂ ಒಂದೇ

(ಉದಗೀರದ ಕಾರ್ಮಿಕ ಕೂಟವೊಂದರಲ್ಲಿ ಆಡಿದ ಮಾತು)



ಇವತ್ತು ಕೂಲಿ, ಬೋನಸ್ಸು, ರಜೆ ಇವುಗಳ ಮಾತು ಬೇಡ. ಒಂದು ಸಣ್ಣ ಸೂಜಿಯ ಮಾತು ಆಡೋಣ. ಜಾತ್ರೆಯಲ್ಲಿ, ಸಂತೆಯಲ್ಲಿ, ಈಗ ಪೇಟೆಯ ಅಂಗಡಿಯಲ್ಲಿ ನಮ್ಮ ಮಕ್ಕಳು ಕೈ ಚಾಚಿ ಕೂಡುವ ಹಚ್ಚೆಯ ಸೂಜಿ ಅದು. ನಮ್ಮ ಕಡೆ ಹಚ್ಚಿ ಅನ್ನುತ್ತೇವೆ, ನೆರೆಯ ಮರಾಠಿಗರು ಗೋಂದಣ ಅನ್ನುತ್ತಾರೆ, ಹುಡುಗರು ಟ್ಯಾಟೂ ಅನ್ನುತ್ತಾರೆ. ಹೆಸರು ಮೂರಾದರೂ ಕೆಲಸ ಒಂದೇ. ಚರ್ಮ ಚುಚ್ಚಿ ಒಳಗೆ ಮಸಿ ಇಳಿಸುವುದು.

ನಾನು ಹೇಳಬೇಕಾದದ್ದು ಇಷ್ಟೇ. ಆ ಸೂಜಿಯ ಮುಂದೆ ಬಂದು ಕೂತವರು ಯಾರೇ ಆಗಿರಲಿ, ಅವರಿಗೆ ಅದೇ ಶುಚಿ, ಅದೇ ಗೌರವ, ಅದೇ ದರ ಸಿಗಬೇಕು. ಇದು ಅಂಗಡಿಯವನು ತೋರಿಸುವ ದಯೆ ಅಲ್ಲ, ಮೈ ಒಪ್ಪಿಸಿದವರ ಹಕ್ಕು.

ಹಿಂದೆ ಈ ಕೆಲಸ ಯಾರ ಕೈಯಲ್ಲಿತ್ತು? ಕರ್ನಾಟಕದ ಊರೂರುಗಳಲ್ಲಿ ಕೊರವರ ಹೆಣ್ಣುಮಕ್ಕಳು ಹಚ್ಚೆ ಹೊಯ್ಯುತ್ತಿದ್ದರು. ದೀಪದ ಕಾಡಿಗೆಗೆ ಸೊಪ್ಪಿನ ರಸ ಕಲಸಿ, ಸೂಜಿಯಿಂದ ಚುಚ್ಚಿ, ಮೇಲೆ ಅರಿಸಿನ ಹಚ್ಚುತ್ತಿದ್ದರು. ಊರಿನ ಹೆಣ್ಣುಮಕ್ಕಳ ಕೈಯನ್ನೆಲ್ಲ ಸಿಂಗಾರ ಮಾಡಿದ ಈ ಜನರನ್ನು ಬ್ರಿಟಿಷ್ ಸರಕಾರ ಅಪರಾಧಿ ಬುಡಕಟ್ಟುಗಳ ಪಟ್ಟಿಗೆ ಸೇರಿಸಿತ್ತು. 1871ರಲ್ಲಿ ಬಂದ ಆ ಕಾನೂನು ರದ್ದಾದದ್ದು 1952ರಲ್ಲಿ. ಆದುದರಿಂದ ಹಚ್ಚೆಯ ಅಂಗಡಿಯಲ್ಲಿ ಗೌರವದ ಮಾತು ಬಂದಾಗ ಚುಚ್ಚುವವರನ್ನೂ ಮರೆಯಬಾರದು. ಅವರೂ ಕೈಕೆಲಸದಿಂದ ಉಣ್ಣುವವರೇ.

ಆ ಹಳೆಯ ಪದ್ಧತಿಯಲ್ಲಿ ಒಳ್ಳೆಯದೂ ಇತ್ತು, ಕೆಟ್ಟದ್ದೂ ಇತ್ತು. ಹೆಣ್ಣು ಹೆಣ್ಣಿನ ಕೈ ಹಿಡಿಯುತ್ತಿದ್ದಳು, ಹಾಡು ಹೇಳಿ ನೋವು ಮರೆಸುತ್ತಿದ್ದಳು. ಆದರೆ ಮದುವೆಗೆ ಮುಂಚೆ ಹಚ್ಚೆ ಆಗಲೇಬೇಕೆಂದು ಅಳುವ ಹುಡುಗಿಯನ್ನು ನಾಲ್ಕು ಜನ ಅದುಮಿ ಹಿಡಿದು ಚುಚ್ಚಿಸಿದ ಮನೆಗಳೂ ಉಂಟು. ಒಂದೇ ಸೂಜಿ, ಒಂದೇ ಬಟ್ಟಲಿನ ಮಸಿ ಇಡೀ ಓಣಿಗೆ ಸಾಗುತ್ತಿತ್ತು.

ಈಗ ಮಿಷನ್ ಬಂದಿದೆ. ಅಮೆರಿಕದ ಸ್ಯಾಮ್ಯುಯೆಲ್ ಓ’ರೈಲಿ ಎಂಬಾತ 1891ರಲ್ಲಿ ವಿದ್ಯುತ್ ಹಚ್ಚೆ ಯಂತ್ರಕ್ಕೆ ಪೇಟೆಂಟ್ ಪಡೆದ. ಅದರ ಮೊಮ್ಮಕ್ಕಳಂಥ ಯಂತ್ರಗಳು ಇಂದು ಜಾತ್ರೆಯ ನೆಲದ ಮೇಲೂ ಬ್ಯಾಟರಿ ಕಟ್ಟಿಕೊಂಡು ಗುಂಯ್‌ಗುಡುತ್ತವೆ. ಮಿಷನ್ ಹೊಸದಾದರೂ ಸೂಜಿ ಹಳೆಯದೇ ಆದರೆ ಏನು ಫಲ?

ಆದಕಾರಣ ಮೊದಲನೆಯ ಮಾತು ಶುಚಿಯದು. ಒಬ್ಬರ ರಕ್ತ ತಾಗಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಸೋಂಕು ದಾಟಬಹುದು. ಹೆಪಟೈಟಿಸ್ ಬಿ ವೈರಾಣು ಮೈಯ ಹೊರಗೆ ಕನಿಷ್ಠ 7 ದಿನ ಬದುಕುತ್ತದೆ. ಸೂಜಿಯನ್ನು ಬಟ್ಟೆಯಿಂದ ಒರೆಸಿದರೆ, ಬೆಂಕಿಯಲ್ಲಿ ಒಂದು ಕ್ಷಣ ಆಡಿಸಿದರೆ ಸಾಲದು. ಪ್ರತಿಯೊಬ್ಬರಿಗೂ ಹೊಸ ಸೂಜಿ, ಅವರ ಕಣ್ಣೆದುರಿಗೇ ಪೊಟ್ಟಣ ಒಡೆದು ತೆಗೆದದ್ದು ಇರಬೇಕು. ಮತ್ತೆ ಬಳಸುವ ಲೋಹದ ಭಾಗಗಳನ್ನು ಆಟೋಕ್ಲೇವ್ ಎಂಬ ಹಬೆಯ ಪಾತ್ರೆಯಲ್ಲಿ, ಒತ್ತಡದ ಹಬೆಯಲ್ಲಿ, 121 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕನಿಷ್ಠ 15 ನಿಮಿಷ ಇಡಬೇಕು. ಮಸಿಯನ್ನು ಒಬ್ಬೊಬ್ಬರಿಗೆ ಬೇರೆ ಸಣ್ಣ ಬಟ್ಟಲಿಗೆ ಸುರಿದು, ಉಳಿದದ್ದನ್ನು ಚೆಲ್ಲಬೇಕು. ಸೂಜಿ ಹೊಸದಿದ್ದು ಮಸಿ ಹಳೆಯದಾದರೆ ರೋಗ ಮಸಿಯಲ್ಲೇ ಕಾದಿರುತ್ತದೆ. ಹಚ್ಚೆ ಹಾಕಿಸಿಕೊಂಡವರು ಒಂದು ವರ್ಷ ರಕ್ತದಾನ ಮಾಡಬಾರದೆಂದು ನಮ್ಮ ರಕ್ತನಿಧಿಗಳ ನಿಯಮ ಇರುವುದೂ ಇದೇ ಕಾರಣಕ್ಕೆ.

ಹೆಪಟೈಟಿಸ್ ಬಿಗೆ ಲಸಿಕೆ ಉಂಟು. ನಮ್ಮ ದೇಶದಲ್ಲಿ ಅದು ಎಲ್ಲ ರಾಜ್ಯಗಳ ಕೂಸುಗಳಿಗೂ ಸರಕಾರದಿಂದ ಸಿಗುವಂತಾದದ್ದು 2011ರ ಹೊತ್ತಿಗೆ. ಅದಕ್ಕೂ ಮುಂಚೆ ಹುಟ್ಟಿದ ನಮ್ಮಲ್ಲಿ ಅನೇಕರಿಗೆ ಅದು ಬಿದ್ದಿಲ್ಲ. ಹಚ್ಚೆ ಹಾಕುವ ಕೆಲಸಗಾರ ಮೊದಲು ತಾನೇ ಅದನ್ನು ಹಾಕಿಸಿಕೊಳ್ಳಲಿ. ದಿನವೂ ರಕ್ತದ ಹತ್ತಿರ ಕೂಡುವವನು ಅವನೇ.

ಇಲ್ಲಿ ಒಂದು ಅನ್ಯಾಯವನ್ನು ಗಮನಿಸಿರಿ. ಬಡವ ಕಡಿಮೆ ಹಣಕ್ಕೆ ಕೇಳಿದರೆ, ಸೂಜಿ ಬದಲಿಸದೆ ದರ ಇಳಿಸುವ ಅಂಗಡಿಗಳುಂಟು. ಹಣ ಕಡಿಮೆ ಇದ್ದರೆ ಚಿತ್ರ ಚಿಕ್ಕದು ಮಾಡಲಿ, ಶುಚಿಯನ್ನು ಚಿಕ್ಕದು ಮಾಡಬಾರದು. ದರದ ಹಲಗೆ ಎಲ್ಲರಿಗೂ ಕಾಣುವ ಹಾಗೆ ತೂಗುಹಾಕಲಿ. ಮುಖ ನೋಡಿ, ಬಟ್ಟೆ ನೋಡಿ ದರ ಹೇಳುವುದು ಬೇಡ.

ಎರಡನೆಯ ಮಾತು ಒಪ್ಪಿಗೆಯದು. ಮೈಮೇಲಿನ ಗುರುತು ಬಲವಂತದಿಂದ ಬಂದರೆ ಅದು ಸಿಂಗಾರವಲ್ಲ, ಬರೆ. ಹಿಂದೆ ಬ್ರಿಟಿಷ್ ಆಡಳಿತದಲ್ಲಿ ಜೀವಾವಧಿ ಕೈದಿಗಳ ಹಣೆಗೆ ಹಚ್ಚೆ ಹಾಕುತ್ತಿದ್ದರು, 1849ರಲ್ಲಿ ಅದನ್ನು ನಿಲ್ಲಿಸಿದರು. ಆದರೂ 1993ರಲ್ಲಿ ಪಂಜಾಬದ ಅಮೃತಸರದಲ್ಲಿ ನಾಲ್ವರು ಹೆಂಗಸರ ಹಣೆಯ ಮೇಲೆ ಪೊಲೀಸರು ‘ಜೇಬುಗಳ್ಳಿ’ ಎಂಬ ಅರ್ಥದ ಮಾತನ್ನು ಹಚ್ಚೆ ಹಾಕಿಸಿದರು. ಆ ಪೊಲೀಸರಿಗೆ ನ್ಯಾಯಾಲಯ ಶಿಕ್ಷೆ ವಿಧಿಸಿದ್ದು 2016ರಲ್ಲಿ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಆ ತಾಯಂದಿರು ಯಾವ ಮುಖ ಹೊತ್ತು ಸಂತೆಗೆ ಹೋಗಿರಬೇಕು!

ನಮ್ಮ ಮನೆಗಳಲ್ಲಿ ಅಂಥ ಕ್ರೌರ್ಯ ಇಲ್ಲದಿರಬಹುದು. ಆದರೆ ಗಂಡನ ಹೆಸರು ಬರೆಸಿಕೊಳ್ಳೆಂದು ಹೆಂಡತಿಯನ್ನು ಎಳೆತಂದವನು, ಪಣ ಕಟ್ಟಿ ಗೆಳೆಯನನ್ನು ಕೂಡಿಸಿದವನು, ಕುಡಿದು ಬಂದು ಕೂತವನು, ಇವರೆಲ್ಲ ಇದ್ದಾರೆ. ಒಳ್ಳೆಯ ಅಂಗಡಿಯವನು ಸೂಜಿ ಎತ್ತುವ ಮುಂಚೆ ಕೇಳಬೇಕು: ‘ಅಕ್ಕಾ, ಇದು ನಿಮ್ಮ ಮನಸ್ಸೇ?’ ಹದಿನೆಂಟು ತುಂಬದ ಮಕ್ಕಳನ್ನು, ಕುಡಿದವರನ್ನು ವಾಪಸು ಕಳಿಸಬೇಕು. ಅರ್ಧ ಆದಾಗ ‘ಸಾಕು’ ಅಂದರೆ ನಿಲ್ಲಿಸಬೇಕು, ನಗಬಾರದು. ಹೆಣ್ಣುಮಕ್ಕಳಿಗೆ ಒಂದು ಪರದೆ ಇರಲಿ, ಜೊತೆಗೆ ಬಂದ ಅತ್ತಿಗೆಗೋ ಅಕ್ಕನಿಗೋ ಕೂಡಲು ಜಾಗ ಇರಲಿ. ಚುಚ್ಚುವ ಜಾಗದಷ್ಟೇ ಬಟ್ಟೆ ಸರಿಸಿದರೆ ಸಾಕು.

ಮೂರನೆಯದು, ನಮ್ಮ ಗಡಿಗೇ ಸೇರಿದ ಮಾತು. ಉದಗೀರ, ನಿಲಂಗಾ ತಾಲೂಕುಗಳು 1956ರ ವರೆಗೆ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯದ ಗೆರೆ ಬದಲಾಯಿತು, ಮನೆಯ ಮಾತು ಬದಲಾಗಲಿಲ್ಲ. ಇಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು, ತಾಂಡಾಗಳ ಲಂಬಾಣಿ ಎಲ್ಲವೂ ಒಂದೇ ಸಂತೆಯಲ್ಲಿ ಕಲೆಯುತ್ತವೆ. ಮರಾಠಿ ಮಾತ್ರ ಓದಬಲ್ಲ ಅಂಗಡಿಯವನ ಹತ್ತಿರ ತಾಯಿಯ ಹೆಸರನ್ನು ಕನ್ನಡದಲ್ಲಿ ಬರೆಸಿಕೊಂಡರೆ ಏನಾದೀತು? ಒಂದು ಒತ್ತಕ್ಷರ ಜಾರಿದರೆ, ಒಂದು ದೀರ್ಘ ಬಿಟ್ಟುಹೋದರೆ, ಆ ತಪ್ಪು ಚಿತೆಯ ತನಕ ಅಥವಾ ಸಮಾಧಿಯ ತನಕ ಕೈಮೇಲೆ ಇರುತ್ತದೆ. ಆದಕಾರಣ ಮೊದಲು ಕಾಗದದ ಮೇಲೆ ಬರೆಯಲಿ. ಆ ಭಾಷೆ ಬಲ್ಲ ಒಬ್ಬರಿಂದ ಗಟ್ಟಿಯಾಗಿ ಓದಿಸಲಿ. ಓದು ಬಾರದವರಿಗೆ ‘ಇಲ್ಲಿ ಹೀಗೆ ಬರೆದಿದೆ’ ಎಂದು ಬೆರಳಿಟ್ಟು ತೋರಿಸಲಿ. ಓದು ಬಾರದ್ದು ನಾಚಿಕೆಯಲ್ಲ, ಬಾರದವರಿಗೆ ಓದಿ ಹೇಳದಿರುವುದು ನಾಚಿಕೆ.

ನಾಲ್ಕನೆಯದು, ಮೈಯ ಗುಣ. ‘ಕಪ್ಪು ಮೈಗೆ ಹಚ್ಚೆ ಕಾಣೋದಿಲ್ಲ, ಹೋಗು’ ಎಂದು ನಮ್ಮವರನ್ನು ಅಟ್ಟುವವರಿದ್ದಾರೆ. ಇದು ಕೆಲಸ ಬಾರದವರ ಮಾತು. ಮಸಿ ನಿಲ್ಲುವುದು ಚರ್ಮದ ಎರಡನೆಯ ಪದರದಲ್ಲಿ. ಮೇಲಿನ ಪದರದ ಬಣ್ಣದ ಮೂಲಕ ಅದನ್ನು ನೋಡುತ್ತೇವೆ. ಕಪ್ಪು ಮೈಗೆ ತೆಳು ಬಣ್ಣ ಬಿಟ್ಟು ಕಪ್ಪು ಮಸಿಯ ದಪ್ಪ ಗೆರೆ ಆರಿಸಿ, ಗೆರೆಗೂ ಗೆರೆಗೂ ನಡುವೆ ಅಂತರ ಬಿಟ್ಟರೆ ಚೆನ್ನಾಗಿ ಕಾಣುತ್ತದೆ. ತಾಂಡಾದ ಅಜ್ಜಿಯರ ಕೈ ನೋಡಿದರೆ ಸಾಕು. ಆದರೆ ಆಳವಾಗಿ ಚುಚ್ಚಿದರೆ ಗಾಯ ಉಬ್ಬಿ ಗಂಟಾಗುವುದು ಕಪ್ಪು ಮೈಯಲ್ಲಿ ಹೆಚ್ಚು. ಆದುದರಿಂದ ‘ಹಿಂದಿನ ಗಾಯ ಹೀಗೆ ಉಬ್ಬಿದ್ದುಂಟೇ’ ಎಂದು ಕೇಳಲಿ. ಸಕ್ಕರೆ ಕಾಯಿಲೆ ಇದೆಯೇ, ಬಸುರಿಯೇ ಎಂದೂ ಕೇಳಲಿ, ಆದರೆ ನಾಲ್ಕು ಜನರೆದುರು ಕೂಗಿ ಕೇಳದಿರಲಿ. ಸ್ಪರ್ಶ ತಿಳಿಯದ ಬಿಳಿ ಮಚ್ಚೆ ಕಂಡರೆ ಅದನ್ನು ಹಚ್ಚೆಯಿಂದ ಮುಚ್ಚದೆ ದವಾಖಾನೆಗೆ ಕಳಿಸಲಿ. ಕುಷ್ಠ ಇದ್ದರೆ ಸರಕಾರಿ ದವಾಖಾನೆಯಲ್ಲಿ ಔಷಧಿ ಉಚಿತ, 6 ಅಥವಾ 12 ತಿಂಗಳಲ್ಲಿ ಗುಣ.

‘ನಿನ್ನ ಕೆಲಸ ಏನಪ್ಪಾ?’ ಎಂಬ ಪ್ರಶ್ನೆಯನ್ನೂ ಕೇಳಬೇಕು. ಈ ಮಾತನ್ನು ಅಚ್ಚಿನಲ್ಲಿ ಓದುವ ಕಾಫಿ ತೋಟದ ಕುಟುಂಬಗಳಿಗೆ ಇದು ಮುಖ್ಯ. ಹಸಿ ಹಚ್ಚೆ ಅಂದರೆ ಹಸಿ ಗಾಯ. ಮೇಲ್ಚರ್ಮ ಮಾಯಲು ಎರಡು ಮೂರು ವಾರ ಬೇಕು. ನಾಳೆಯೇ ಬೋರ್ಡೋ ಹೊಡೆಯಲು, ಪಲ್ಪರಿನ ನೀರಿನಲ್ಲಿ ಕೈಯಾಡಿಸಲು ಹೋಗುವವರಿಗೆ ಇವತ್ತು ಮುಂಗೈಗೆ ಚುಚ್ಚಬಾರದು. ಇಲ್ಲಿ ಕಬ್ಬಿನ ರವದಿಯಲ್ಲಿ ದುಡಿಯುವವರಿಗೂ ಅದೇ ಮಾತು. ಮನೆಯಲ್ಲಿ ಕೂತು ಗಾಯ ಆರಿಸಿಕೊಳ್ಳುವ ಭಾಗ್ಯ ನಮಗಿಲ್ಲ. ಇದನ್ನು ತಿಳಿದು ಸುಗ್ಗಿ ಮುಗಿದ ಮೇಲೆ ಬಾ ಎನ್ನುವವನೇ ನಮ್ಮ ಹಿತ ಬಲ್ಲ ಅಂಗಡಿಯವನು.

ಐದನೆಯದು, ಬಾಗಿಲು. ಅಸ್ಪೃಶ್ಯತೆಯ ನೆಪದಿಂದ ಅಂಗಡಿಯಲ್ಲಿ ಸೇವೆ ನಿರಾಕರಿಸುವುದು 1955ರ ಕಾನೂನಿನಿಂದಲೇ ಅಪರಾಧ. ಎಚ್‌ಐವಿ ಇರುವವರಿಗೆ ಭೇದ ಮಾಡಬಾರದೆಂದು 2017ರ ಕಾನೂನು, ಹಿಜಡಾ ಬಂಧುಗಳಿಗೆ ಭೇದ ಮಾಡಬಾರದೆಂದು 2019ರ ಕಾನೂನು ಹೇಳುತ್ತವೆ. ಕೆಲವರು ‘ರೋಗಿ ಬಂದರೆ ನಮಗೆ ಅಪಾಯವಲ್ಲವೇ’ ಅನ್ನುತ್ತಾರೆ. ಯಾರ ರಕ್ತದಲ್ಲಿ ಏನಿದೆಯೆಂದು ಮುಖ ನೋಡಿ ತಿಳಿಯದು. ಎಲ್ಲರಿಗೂ ಕೈಗವಸು, ಎಲ್ಲರಿಗೂ ಹೊಸ ಸೂಜಿ ಇದ್ದರೆ ಯಾರನ್ನೂ ಹೊರಗಿಡುವ ಕಾರಣವೇ ಉಳಿಯದು. ಶುಚಿ ಇರುವಲ್ಲಿ ಭೇದಕ್ಕೆ ನೆಪವಿಲ್ಲ. ಮೊಣಕಾಲು ಮಡಚಲಾರದ ಮುದುಕಿಗೆ ಒಂದು ಕುರ್ಚಿ, ಊರುಗೋಲಿನವನಿಗೆ ಮೆಟ್ಟಿಲಿಲ್ಲದ ದಾರಿ, ಕಿವಿ ಕೇಳದವರಿಗೆ ಚಿತ್ರದ ಹಲಗೆ, ಇವಕ್ಕೆ ಎಷ್ಟು ಖರ್ಚಾದೀತು?

ಕೊನೆಗೆ, ಉಪದೇಶಿಯಾದ ನನ್ನನ್ನು ಅನೇಕರು ಕೇಳುವ ಪ್ರಶ್ನೆ. ಯಾಜಕಕಾಂಡದ 19ನೆಯ ಅಧ್ಯಾಯ ಮೈಮೇಲೆ ಗುರುತು ಬೇಡ ಅನ್ನುತ್ತದಲ್ಲ? ಹೌದು, ಇದೆ. ಐಗುಪ್ತದ ಕೋಪ್ಟಿಕ್ ಕ್ರೈಸ್ತರು ತಲೆತಲಾಂತರದಿಂದ ಮಣಿಕಟ್ಟಿನ ಒಳಗೆ ಶಿಲುಬೆಯ ಹಚ್ಚೆ ಹಾಕಿಸಿಕೊಂಡು ಬಂದಿರುವುದೂ ಇದೆ. ಹಾಕಿಸಿಕೊಳ್ಳುವುದು ಬಿಡುವುದು ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು. ಆದರೆ ಹಚ್ಚೆಯ ಕೈ ಕಂಡು ಒಬ್ಬ ತಾಯಿಯನ್ನು ಹಿಂದಿನ ಸಾಲಿಗೆ ಸರಿಸುವ ಅಧಿಕಾರ ಆ ವಚನದಿಂದ ಯಾರಿಗೂ ಸಿಕ್ಕಿಲ್ಲ.

ಬಾಂಧವರೇ, ಮುಂದಿನ ಜಾತ್ರೆಗೆ ಹೋದಾಗ ನಮ್ಮ ಸಂಘದ ಇಬ್ಬರು ಹಚ್ಚೆಯವರ ಹತ್ತಿರ ಕೂತು ಮಾತಾಡಲಿ. ಜಗಳ ಬೇಡ. ಅವರಿಗೂ ನೆರಳಿಲ್ಲ, ನೀರಿಲ್ಲ. ನೀರಿನ ನಲ್ಲಿಯ ಹತ್ತಿರ ಜಾಗ ಕೊಡಿಸಿರೆಂದು ಪಂಚಾಯತಿಗೆ ಅವರ ಪರವಾಗಿ ನಾವು ಅರ್ಜಿ ಬರೆಯೋಣ. ಪ್ರತಿಯಾಗಿ ಅವರು ನಮ್ಮ ಮಕ್ಕಳಿಗೆ ಹೊಸ ಸೂಜಿ ಎತ್ತಲಿ. ನಿಮ್ಮ ಮನೆಯ ಹುಡುಗ ಹಚ್ಚೆ ಹಾಕಿಸಿಕೊಳ್ಳುತ್ತೇನೆ ಅಂದರೆ ಬೈಯುವ ಮೊದಲು ಒಂದು ಮಾತು ಹೇಳಿ ಕಳಿಸಿರಿ: ‘ಪೊಟ್ಟಣ ಒಡೆಯುವುದನ್ನು ಕಣ್ಣಾರೆ ನೋಡು. ನೋಡದೆ ಕೈ ಚಾಚಬೇಡ.’