ವಿಮಾನದ ಟಿಕೆಟಿನಲ್ಲಿ ಎಣ್ಣೆಯ ಲೆಕ್ಕ

ತೊಗರಿ ಮಾರಲು ಕಲಬುರಗಿಯ ಬಜಾರಕ್ಕೆ ಹೋಗುವ ರೈತನಿಗೆ ಪಟ್ಟಿ ಎಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮೇಲೆ ಮಾಲಿನ ತೂಕ ಮತ್ತು ಧಾರಣೆ. ಅದರ ಕೆಳಗೆ ಹಮಾಲಿ, ತೂಕದ ಖರ್ಚು. ಎಲ್ಲಕ್ಕೂ ಕೆಳಗೆ ಕೈಗೆ ಬರತಕ್ಕ ಹಣ. ರೈತನು ಮೊದಲು ನೋಡುವುದು ಕೊನೆಯ ಸಾಲನ್ನು. ಆಮೇಲೆ ಒಂದೊಂದು ಸಾಲಿನ ಮೇಲೆ ಬೆರಳಿಟ್ಟು, ಇದು ಯಾರಿಗೆ ಹೋಯಿತು, ಏಕೆ ಹೋಯಿತು ಎಂದು ಕೇಳುತ್ತಾನೆ.

ವಿಮಾನದ ಟಿಕೆಟೂ ಇಂಥದೇ ಒಂದು ಪಟ್ಟಿ. ಆದರೆ ಅದನ್ನು ಹೀಗೆ ಬೆರಳಿಟ್ಟು ಓದುವವರು ಕಡಿಮೆ. ಆ ಪಟ್ಟಿಯಲ್ಲಿ ಒಮ್ಮೊಮ್ಮೆ ಕಾಣಿಸಿಕೊಳ್ಳುವ ಒಂದು ಸಾಲು, ಇಂಧನದ ಸರ್‌ಚಾರ್ಜ್ ಎಂಬುದು. ಅದು ಏನು, ಏಕೆ ಬರುತ್ತದೆ, ನಮ್ಮ ಜೇಬಿಗೆ ಅದರಿಂದ ಏನಾಗುತ್ತದೆ ಎಂಬುದೇ ಈ ಹೊತ್ತಿನ ಮಾತು.

ಅಫಜಲಪುರ ತಾಲ್ಲೂಕಿನ ಮಣ್ಣೂರಿನಂಥ ಭೀಮಾ ತೀರದ ಊರಿಗೆ ಈ ಮಾತು ದೂರದ್ದೆಂದು ಯಾರೂ ತಿಳಿಯಬೇಕಾಗಿಲ್ಲ. 2019ರ ನವೆಂಬರ್ 22ರಂದು ಕಲಬುರಗಿಯ ವಿಮಾನ ನಿಲ್ದಾಣ ತೆರೆದು ಬೆಂಗಳೂರಿಗೆ ವಿಮಾನ ಹಾರಿತು. ಮುಂದೆ ದಿಲ್ಲಿಯ ಬಳಿಯ ಹಿಂಡನ್‌ಗೂ ತಿರುಪತಿಗೂ ಇಲ್ಲಿಂದ ವಿಮಾನ ಹೋದದ್ದುಂಟು. ದೂರದ ಪ್ರಯಾಣಕ್ಕೆ ಹೈದರಾಬಾದಿಗೆ ಹೋಗಿ ವಿಮಾನ ಹತ್ತುವವರು ಈ ಭಾಗದಲ್ಲಿ ಬಹಳ ಮಂದಿ. ಪರೀಕ್ಷೆಗೆ ಹೋಗುವ ಹುಡುಗ, ಕೊಲ್ಲಿಯ ದೇಶಕ್ಕೆ ದುಡಿಯಲು ಹೋಗುವ ಗಂಡಸು, ಹಜ್ ಯಾತ್ರೆಗೆ ಹೊರಟ ಮುದುಕ, ದೊಡ್ಡ ಆಸ್ಪತ್ರೆಗೆ ತುರ್ತಾಗಿ ಹೋಗಬೇಕಾದ ರೋಗಿ, ಇವರೆಲ್ಲ ಟಿಕೆಟಿನ ಹಣವನ್ನು ಲೆಕ್ಕ ಹಾಕಿ ಕೂಡಿಸಿದವರೇ. ಅವರಿಗೆ ಐದುನೂರು ರೂಪಾಯಿ ಸಣ್ಣದಲ್ಲ.

ಮೊದಲು ಎಣ್ಣೆಯ ವಿಷಯ. ಜೆಟ್ ವಿಮಾನದಲ್ಲಿ ಉರಿಯುವುದು ಪೆಟ್ರೋಲಲ್ಲ. ನಮ್ಮ ಕಡೆ ಚಿಮಣಿ ಎಣ್ಣೆ ಎನ್ನುವ ಸೀಮೆಎಣ್ಣೆಯ ಜಾತಿಯದೇ, ಆದರೆ ಬಹಳ ಶುದ್ಧವಾಗಿ ಸೋಸಿ ತೆಗೆದ ಎಣ್ಣೆ. ನಮ್ಮ ದೇಶದ ವಿಮಾನ ಕಂಪನಿಗಳ ಒಟ್ಟು ಖರ್ಚಿನಲ್ಲಿ ಮೂರರಲ್ಲೊಂದು ಪಾಲಿನಿಂದ ಐದರಲ್ಲೆರಡು ಪಾಲಿನವರೆಗೆ ಈ ಎಣ್ಣೆಗೇ ಹೋಗುತ್ತದೆ. ಬೇರೆ ಯಾವ ಒಂದು ಬಾಬಿಗೂ ಇಷ್ಟು ಹಣ ಹೋಗುವುದಿಲ್ಲ.

ಈ ಎಣ್ಣೆಯ ಬೆಲೆ ಮೂರು ಕಡೆಯಿಂದ ಅಲುಗಾಡುತ್ತದೆ. ಒಂದನೆಯದು, ಲೋಕದ ಪೇಟೆಯ ಕಚ್ಚಾ ತೈಲದ ಧಾರಣೆ. 2008ರ ಜುಲೈಯಲ್ಲಿ ಒಂದು ಪೀಪಾಯಿ ಕಚ್ಚಾ ತೈಲ 147 ಡಾಲರಿಗೆ ಏರಿತು. ಅದೇ ವರ್ಷದ ಡಿಸೆಂಬರಿನಲ್ಲಿ 40 ಡಾಲರಿಗಿಂತ ಕೆಳಗೆ ಇಳಿಯಿತು. ಎರಡನೆಯದು, ರೂಪಾಯಿಯ ಬೆಲೆ. ನಮಗೆ ಬೇಕಾದ ಕಚ್ಚಾ ತೈಲದ ಬಹುಪಾಲು ಹೊರದೇಶದಿಂದ ಬರುತ್ತದೆ, ಹಣವನ್ನು ಡಾಲರಿನಲ್ಲಿ ಎಣಿಸಿ ಕೊಡಬೇಕು. ತೈಲದ ಧಾರಣೆ ನಿಂತಲ್ಲೇ ನಿಂತಿದ್ದರೂ ರೂಪಾಯಿ ಕುಸಿದರೆ ಎಣ್ಣೆ ತುಟ್ಟಿಯಾಗುತ್ತದೆ. ಮೂರನೆಯದು, ತೆರಿಗೆ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗ ವಿಮಾನದ ಎಣ್ಣೆಯನ್ನು ಪೆಟ್ರೋಲ್, ಡೀಸೆಲ್‌ಗಳ ಜೊತೆಯಲ್ಲಿ ಅದರಿಂದ ಹೊರಗಿಟ್ಟರು. ಹೀಗಾಗಿ ಅದರ ಮೇಲೆ ಒಂದೊಂದು ರಾಜ್ಯದ್ದು ಒಂದೊಂದು ತೆರಿಗೆಯಾಯಿತು. ಒಂದು ಕಡೆ ನೂರಕ್ಕೆ ಒಂದು ರೂಪಾಯಿ, ಇನ್ನೊಂದು ಕಡೆ ಮೂವತ್ತರ ಸಮೀಪ. ತೆರಿಗೆ ಕಡಿಮೆಯಿರುವ ಊರಿನಲ್ಲಿ ಹೆಚ್ಚು ಎಣ್ಣೆ ತುಂಬಿಸಿಕೊಂಡು ಹಾರುವ ಉಪಾಯವನ್ನು ಕಂಪನಿಗಳು ಬಲ್ಲವು.

ಸರಕಾರದ ಎಣ್ಣೆ ಕಂಪನಿಗಳು ವಿಮಾನದ ಎಣ್ಣೆಯ ದರವನ್ನು ತಿಂಗಳ ಮೊದಲನೆಯ ದಿನ ತಿದ್ದುತ್ತವೆ. ಟಿಕೆಟಾದರೋ ಎರಡು ಮೂರು ತಿಂಗಳ ಮುಂಚೆಯೇ ಮಾರಾಟವಾಗಿರುತ್ತದೆ. ಇವತ್ತು ಮಾರಿದ ಸೀಟಿಗೆ ನಾಳಿನ ಎಣ್ಣೆ ಸುಡಬೇಕು. ಈ ಅಂತರವೇ ಸರ್‌ಚಾರ್ಜಿನ ಹುಟ್ಟಿಗೆ ಕಾರಣ. ಮೂಲ ದರವನ್ನು ಹಾಗೇ ಇಟ್ಟು, ಎಣ್ಣೆಯ ಹೆಚ್ಚಳಕ್ಕೆಂದು ಬೇರೊಂದು ಮೊತ್ತವನ್ನು ಕೂಡಿಸುತ್ತಾರೆ. ಎಣ್ಣೆ ಏರಿದರೆ ಅದು ಏರಬೇಕು, ಇಳಿದರೆ ಇಳಿಯಬೇಕು ಎಂಬುದು ಅದರ ಹಿಂದಿನ ನ್ಯಾಯ.

ಈ ನ್ಯಾಯಕ್ಕೆ ಒಂದು ಉದಾಹರಣೆ ನಮ್ಮ ದೇಶದಲ್ಲೇ ಇದೆ. ಇಂಡಿಗೋ ಕಂಪನಿ 2023ರ ಅಕ್ಟೋಬರ್ 6ರಿಂದ ದೂರವನ್ನು ನೋಡಿ ಇಂಧನದ ಶುಲ್ಕ ಹಾಕಿತು. 500 ಕಿಲೋಮೀಟರಿನವರೆಗೆ 300 ರೂಪಾಯಿ, 1000 ಕಿಲೋಮೀಟರಿನವರೆಗೆ 400, 1500ರವರೆಗೆ 550, 2500ರವರೆಗೆ 650, 3500ರವರೆಗೆ 800, ಅದಕ್ಕೂ ದೂರವಾದರೆ 1000 ರೂಪಾಯಿ. ಹೈದರಾಬಾದಿನಿಂದ ಮುಂಬಯಿಗೆ ಹೋಗುವವನ ಮೇಲೆ 400, ದಿಲ್ಲಿಗೆ ಹೋಗುವವನ ಮೇಲೆ 550, ಜೆದ್ದಾಕ್ಕೆ ಹೋಗುವವನ ಮೇಲೆ 1000 ರೂಪಾಯಿ ಬಿದ್ದ ಹಾಗಾಯಿತು. ಎಣ್ಣೆಯ ದರ ಇಳಿದ ಮೇಲೆ 2024ರ ಜನವರಿ 4ರಿಂದ ಇದನ್ನು ತೆಗೆದುಹಾಕಿದರು. ಬಂದ ದಿನವೂ ಹೋದ ದಿನವೂ ಜನಕ್ಕೆ ತಿಳಿದಿತ್ತು. ಜಪಾನಿನ ದೊಡ್ಡ ಕಂಪನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಿಂಗಾಪುರದ ಪೇಟೆಯಲ್ಲಿ ಸೀಮೆಎಣ್ಣೆಯ ಸರಾಸರಿ ಬೆಲೆ ಇಷ್ಟಾದರೆ ಸರ್‌ಚಾರ್ಜು ಇಷ್ಟು ಎಂದು ಕೋಷ್ಟಕವನ್ನೇ ಪ್ರಕಟಿಸುವ ಪದ್ಧತಿ ಇಟ್ಟುಕೊಂಡಿವೆ.

ಎಲ್ಲ ಕಡೆಯೂ ಹೀಗೆ ನಡೆಯಲಿಲ್ಲ. ಬ್ರಿಟನ್ನಿನಲ್ಲಿ 2004ರಿಂದ 2006ರ ನಡುವೆ ಬ್ರಿಟಿಷ್ ಏರ್‌ವೇಸ್ ಮತ್ತು ವರ್ಜಿನ್ ಅಟ್ಲಾಂಟಿಕ್ ಕಂಪನಿಗಳು ದೂರ ಪ್ರಯಾಣದ ಸರ್‌ಚಾರ್ಜಿನ ವಿಷಯವಾಗಿ ತಮ್ಮತಮ್ಮಲ್ಲೇ ಮಾತಾಡಿಕೊಂಡವು. ಆ ಅವಧಿಯಲ್ಲಿ ಅದು 5 ಪೌಂಡಿನಿಂದ 60 ಪೌಂಡಿಗೆ ಏರಿತು. ವರ್ಜಿನ್ ಕಂಪನಿ ತಾನಾಗಿ ಹೋಗಿ ತಿಳಿಸಿದ್ದರಿಂದ ದಂಡದಿಂದ ಪಾರಾಯಿತು. ಬ್ರಿಟಿಷ್ ಏರ್‌ವೇಸಿಗೆ 2007ರ ಆಗಸ್ಟಿನಲ್ಲಿ ಬ್ರಿಟನ್ನಿನಲ್ಲಿ 12 ಕೋಟಿ 15 ಲಕ್ಷ ಪೌಂಡಿನ ದಂಡ ಬಿತ್ತು. 2012ರಲ್ಲಿ ಅದನ್ನು 5 ಕೋಟಿ 85 ಲಕ್ಷಕ್ಕೆ ಇಳಿಸಿದರು. ಅಮೆರಿಕದಲ್ಲಿ ಪ್ರಯಾಣಿಕರ ಮತ್ತು ಸರಕಿನ ಸರ್‌ಚಾರ್ಜ್ ಎರಡಕ್ಕೂ ಸೇರಿ 30 ಕೋಟಿ ಡಾಲರು ದಂಡವಾಯಿತು.

ನಮ್ಮಲ್ಲಿ ಇಂಥ ದೂರು ಬಂದದ್ದು ಸರಕಿನ ಸಾಗಾಣಿಕೆಯಲ್ಲಿ. 2008ರಿಂದ ಆಚೆಗೆ ವಿಮಾನದಲ್ಲಿ ಕಳಿಸುವ ಸರಕಿನ ಮೇಲೆ ಕಿಲೋವೊಂದಕ್ಕೆ ಇಷ್ಟು ಎಂದು ಇಂಧನದ ಸರ್‌ಚಾರ್ಜ್ ಹಾಕುತ್ತಿದ್ದರು. ಬೇರೆ ಬೇರೆ ಕಂಪನಿಗಳು ಇದನ್ನು ಹತ್ತಿರ ಹತ್ತಿರದ ದಿನಗಳಲ್ಲಿ, ಒಂದೇ ಪ್ರಮಾಣದಲ್ಲಿ ಏರಿಸುತ್ತವೆ ಎಂದು ಸರಕು ಕಳಿಸುವವರ ಸಂಘ ದೂರಿತು. ಭಾರತದ ಸ್ಪರ್ಧಾ ಆಯೋಗ 2015ರಲ್ಲಿ ದಂಡ ಹಾಕಿತು. ಮೇಲ್ಮನವಿಯಲ್ಲಿ ಅದು ರದ್ದಾಗಿ, ವಿಚಾರಣೆ ಮತ್ತೆ ನಡೆಯಿತು. 2018ರ ಮಾರ್ಚ್ 7ರ ಆದೇಶದಲ್ಲಿ ಆಯೋಗವು ಜೆಟ್ ಏರ್‌ವೇಸಿಗೆ 39.81 ಕೋಟಿ, ಇಂಡಿಗೋಗೆ 9.45 ಕೋಟಿ, ಸ್ಪೈಸ್‌ಜೆಟ್ಟಿಗೆ 5.10 ಕೋಟಿ ರೂಪಾಯಿ ದಂಡ ವಿಧಿಸಿತು. ಎಣ್ಣೆಯ ಬೆಲೆ ಎಲ್ಲರಿಗೂ ಒಂದೇ ಆಗಿರಬಹುದು. ಆದರೆ ಒಬ್ಬೊಬ್ಬರ ವಿಮಾನ ಬೇರೆ, ದಾರಿ ಬೇರೆ, ಖರ್ಚು ಬೇರೆ. ಸರ್‌ಚಾರ್ಜು ಮಾತ್ರ ಎಲ್ಲರದೂ ಒಟ್ಟಿಗೇ ಏರುವುದಾದರೆ ಅದು ಎಣ್ಣೆಯ ಲೆಕ್ಕವೇ ಹೌದೋ ಎಂದು ಕೇಳುವುದು ಸಹಜ.

ಈಗ ನಮ್ಮ ಪಟ್ಟಿಗೆ ಬರೋಣ. ಸರ್‌ಚಾರ್ಜಿಗೆ ಕೆಲವರು ಕನ್ನಡದಲ್ಲಿ ಮೇಲ್ತೆರಿಗೆ ಎನ್ನುವುದುಂಟು. ವಿಮಾನದ ವಿಷಯದಲ್ಲಿ ಈ ಮಾತು ದಾರಿ ತಪ್ಪಿಸುತ್ತದೆ. ತೆರಿಗೆ ಸರಕಾರಕ್ಕೆ ಸೇರತಕ್ಕದ್ದು. ಇಂಧನದ ಸರ್‌ಚಾರ್ಜು ಸೇರುವುದು ವಿಮಾನ ಕಂಪನಿಗೆ. ಅದು ಪ್ರಯಾಣದ ದರದ್ದೇ ಒಂದು ತುಂಡು. ಹೆಸರು ಮಾತ್ರ ಬೇರೆ. ಟಿಕೆಟಿನಲ್ಲಿ ಅದು ವೈ ಕ್ಯೂ ಅಥವಾ ವೈ ಆರ್ ಎಂಬ ಎರಡಕ್ಷರದ ಗುರುತಿನಿಂದ, ತೆರಿಗೆಗಳ ಸಾಲಿನಲ್ಲಿಯೇ ನಿಂತಿರಬಹುದು. ತೆರಿಗೆಯ ಪಕ್ಕದಲ್ಲಿ ನಿಂತ ಮಾತ್ರಕ್ಕೆ ಅದು ತೆರಿಗೆಯಾಗುವುದಿಲ್ಲ.

ಲೆಕ್ಕಕ್ಕಾಗಿ ಒಂದು ಟಿಕೆಟನ್ನು ಊಹಿಸಿಕೊಳ್ಳೋಣ. ಮೂಲ ದರ 3000 ರೂಪಾಯಿ, ಇಂಧನದ ಸರ್‌ಚಾರ್ಜ್ 550. ಸಾಮಾನ್ಯ ದರ್ಜೆಯ ಪ್ರಯಾಣಕ್ಕೆ ನೂರಕ್ಕೆ ಐದರಂತೆ ಜಿ.ಎಸ್.ಟಿ. ಅದು 3000ದ ಮೇಲೆ ಮಾತ್ರವಲ್ಲ, 3550ರ ಮೇಲೆ ಬೀಳುತ್ತದೆ: 177 ರೂಪಾಯಿ 50 ಪೈಸೆ. ವಿಮಾನ ನಿಲ್ದಾಣದ ಶುಲ್ಕಗಳು 700 ಎಂದಿಟ್ಟುಕೊಳ್ಳಿ. ಒಟ್ಟು 4427 ರೂಪಾಯಿ 50 ಪೈಸೆ. ಇಲ್ಲಿ ಸರ್‌ಚಾರ್ಜಿನ ಭಾರ 550 ಅಲ್ಲ; ಅದರ ಮೇಲಿನ ತೆರಿಗೆಯೂ ಸೇರಿ 577 ರೂಪಾಯಿ 50 ಪೈಸೆ.

ಇನ್ನೊಂದು ಕಂಪನಿ ಸರ್‌ಚಾರ್ಜು ಇಲ್ಲವೆಂದು ಹೇಳಿ ಮೂಲ ದರವನ್ನೇ 3550 ಎಂದು ಬರೆದರೆ ಒಟ್ಟು ಮೊತ್ತ ಅಷ್ಟೇ ಆಗುತ್ತದೆ. ಆದ್ದರಿಂದ ಸರ್‌ಚಾರ್ಜ್ ಇಲ್ಲದ ಟಿಕೆಟು ಅಗ್ಗ, ಇದ್ದದ್ದು ತುಟ್ಟಿ ಎಂದು ಹೇಳಲು ಬರುವುದಿಲ್ಲ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥರು ಬೆಂಗಳೂರಿನಲ್ಲಿ ಕಟ್ಟಿದ ಏರ್ ಡೆಕ್ಕನ್ ಕಂಪನಿ ಒಂದು ರೂಪಾಯಿಯ ಟಿಕೆಟನ್ನೂ ಮಾರಿತು. ವಿಮಾನವನ್ನು ಕನಸಿನಲ್ಲೂ ಕಾಣದ ಎಷ್ಟೋ ಜನ ಅದರಿಂದ ವಿಮಾನ ಹತ್ತಿದರು. ಆದರೆ ಆ ಒಂದು ರೂಪಾಯಿ ಮೂಲ ದರ ಮಾತ್ರ. ತೆರಿಗೆ, ಶುಲ್ಕಗಳು ಅದರ ಮೇಲೆ. ಅಗ್ಗವೋ ತುಟ್ಟಿಯೋ ಎಂಬುದನ್ನು ಹೇಳುವುದು ಕೊನೆಯ ಸಾಲು ಒಂದೇ.

ಒಟ್ಟು ಅಷ್ಟೇ ಆಗುವುದಾದರೆ ಒಳಗಿನ ಸಾಲುಗಳನ್ನು ನೋಡುವುದೇಕೆ ಎಂದು ಕೇಳಬಹುದು. ಅವು ನಮಗೆ ಬೇಕಾಗುವುದು ಪ್ರಯಾಣ ನಿಂತುಹೋದಾಗ. ಮನೆಯಲ್ಲಿ ಸಾವಾಯಿತು, ಪರೀಕ್ಷೆ ಮುಂದಕ್ಕೆ ಹೋಯಿತು, ಭೀಮೆಗೆ ಹೊಳೆ ಬಂದು ರಸ್ತೆ ಕಟ್ಟಿತು; ಟಿಕೆಟು ರದ್ದು ಮಾಡಬೇಕಾಯಿತು. ವಿಮಾನಯಾನದ ಮಹಾನಿರ್ದೇಶನಾಲಯವು 2016ರಲ್ಲಿ ತಿದ್ದಿದ ನಿಯಮ ಹೀಗೆ ಹೇಳಿತು: ರದ್ದತಿಗೆಂದು ಕಂಪನಿ ಹಿಡಿದುಕೊಳ್ಳುವ ಹಣ, ಮೂಲ ದರ ಮತ್ತು ಇಂಧನದ ಸರ್‌ಚಾರ್ಜ್ ಎರಡನ್ನೂ ಕೂಡಿಸಿದ ಮೊತ್ತವನ್ನು ಯಾವ ಕಾರಣಕ್ಕೂ ಮೀರಬಾರದು. ಸರಕಾರದ ತೆರಿಗೆಗಳನ್ನೂ ನಿಲ್ದಾಣದ ಬಳಕೆಯ ಶುಲ್ಕಗಳನ್ನೂ ಪ್ರಯಾಣಿಕನಿಗೆ ಹಿಂದಿರುಗಿಸಬೇಕು. ಹಣ ವಾಪಸಿಲ್ಲ ಎಂಬ ಷರತ್ತಿನ ಅಗ್ಗದ ಟಿಕೆಟಿಗೂ, ವಿಮಾನಕ್ಕೆ ಹೋಗದೆಯೇ ಉಳಿದವನಿಗೂ ಇದು ಅನ್ವಯಿಸುತ್ತದೆ ಎಂದು ಆ ನಿಯಮದಲ್ಲೇ ಹೇಳಿದೆ.

ಅಂದರೆ ಪಟ್ಟಿಯ ನಡುವೆ ಒಂದು ಗೆರೆ ಉಂಟು. ಗೆರೆಯ ಈಚೆಗಿನದು ಕಂಪನಿ ಹಿಡಿದುಕೊಳ್ಳಬಹುದಾದ ಹಣ. ಆಚೆಗಿನದು ಪ್ರಯಾಣಿಕನಿಗೆ ತಿರುಗಿ ಬರತಕ್ಕದ್ದು. ಇಂಧನದ ಸರ್‌ಚಾರ್ಜು ಇರುವುದು ಈಚೆಗೆ. ನಮ್ಮ ಉದಾಹರಣೆಯ ಟಿಕೆಟಿನಲ್ಲಿ 3550ರವರೆಗೂ ಕೈಬಿಟ್ಟು ಹೋಗಬಹುದು. ಆದರೆ ನಿಲ್ದಾಣದ 700 ರೂಪಾಯಿ ಹೋಗಕೂಡದು. ಎಲ್ಲ ಹಣವೂ ಹೋಯಿತು ಎಂದು ಏಜೆಂಟನು ಹೇಳಿದರೆ ಅಲ್ಲಿಗೇ ಸುಮ್ಮನಾಗಿ ಬರುವವರು ಬಹಳ. ಆ ಹಣ ಕಂಪನಿಯದೂ ಅಲ್ಲ, ಏಜೆಂಟನದೂ ಅಲ್ಲ; ಕೇಳಿ ಪಡೆಯತಕ್ಕದ್ದು.

ಕಲಬುರಗಿಯಂಥ ಸಣ್ಣ ನಿಲ್ದಾಣದ ಮಾತನ್ನೂ ಇಲ್ಲಿ ಸೇರಿಸಬೇಕು. 2016ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಉಡಾನ್ ಯೋಜನೆಯನ್ನು ಸಾರಿದಾಗ, ಸುಮಾರು ಒಂದು ಗಂಟೆಯ ಹಾರಾಟಕ್ಕೆ ಅರ್ಧದಷ್ಟು ಸೀಟುಗಳ ದರ 2500 ರೂಪಾಯಿಯ ಆಸುಪಾಸಿನಲ್ಲಿ ಇರಬೇಕೆಂದು ಗೊತ್ತುಮಾಡಿತು. ಅಂಥ ನಿಲ್ದಾಣಗಳಲ್ಲಿ ತುಂಬುವ ಎಣ್ಣೆಯ ಮೇಲೆ ರಾಜ್ಯಗಳು ಹತ್ತು ವರ್ಷ ನೂರಕ್ಕೆ ಒಂದಕ್ಕಿಂತ ಹೆಚ್ಚು ತೆರಿಗೆ ಹಾಕಬಾರದೆಂಬ ಏರ್ಪಾಟೂ ಆಯಿತು. ಕಂಪನಿಗೆ ಬರುವ ನಷ್ಟವನ್ನು ತುಂಬಿಕೊಡಲು ಮೂರು ವರ್ಷದ ನೆರವನ್ನೂ ಇಟ್ಟರು. ಇದರ ಅರ್ಥವೇನು? ಸಣ್ಣ ಊರಿನ ವಿಮಾನ ಎಣ್ಣೆಯ ಭಾರವನ್ನು ತಾನೊಂದೇ ಹೊರಲಾರದು ಎಂಬುದನ್ನು ಸರಕಾರವೇ ಒಪ್ಪಿಕೊಂಡಂತಾಯಿತು. ದೊಡ್ಡ ವಿಮಾನದಲ್ಲಿ ಎಣ್ಣೆಯ ಖರ್ಚು ನೂರೆಂಬತ್ತು ಮಂದಿಯ ಮೇಲೆ ಹಂಚಿಹೋಗುತ್ತದೆ. ಐವತ್ತು ಎಪ್ಪತ್ತು ಸೀಟಿನ ವಿಮಾನದಲ್ಲಿ ಅಷ್ಟು ಜನವೇ ಇಲ್ಲ. ದರಕ್ಕೆ ಮಿತಿಯಿಲ್ಲದ ಉಳಿದರ್ಧ ಸೀಟುಗಳ ಮೇಲೆ ಹೆಚ್ಚಳ ಬೀಳುತ್ತದೆ, ಇಲ್ಲವೇ ಹಾರಾಟವೇ ಕಡಿಮೆಯಾಗುತ್ತದೆ. ಸರ್‌ಚಾರ್ಜೆಂಬ ಸಾಲು ಪಟ್ಟಿಯಲ್ಲಿ ಇಲ್ಲದಿದ್ದರೂ ಎಣ್ಣೆಯ ಲೆಕ್ಕ ಬೇರೆ ದಾರಿಯಿಂದ ಒಳಗೆ ಬಂದೇ ಬರುತ್ತದೆ.

ಎಣ್ಣೆ ತುಟ್ಟಿಯಾದರೆ ಟಿಕೆಟು ತುಟ್ಟಿಯಾಗಬಾರದು ಎಂದು ಹೇಳುವುದು ನ್ಯಾಯವಲ್ಲ. ಲಾರಿಯ ಬಾಡಿಗೆ ಡೀಸೆಲಿನ ಜೊತೆಗೆ ಏರುವುದನ್ನು ನಾವು ಒಪ್ಪಿಕೊಂಡೇ ಇದ್ದೇವೆ. ಆದರೆ ಎಣ್ಣೆಯ ಹೆಸರು ಹೇಳಿ ತೆಗೆದುಕೊಂಡ ಹಣಕ್ಕೆ ಎಣ್ಣೆಯ ಲೆಕ್ಕವನ್ನೇ ಒಪ್ಪಿಸಬೇಕು. ಯಾವ ದಿನ ಹಾಕಿದಿರಿ, ಯಾವ ಬೆಲೆಗೆ ಹಾಕಿದಿರಿ, ಆ ಬೆಲೆ ಇಳಿದಾಗ ತೆಗೆದಿರೋ ಇಲ್ಲವೋ ಎಂಬ ಪ್ರಶ್ನೆಗಳಿಗೆ ಉತ್ತರವಿರಬೇಕು. ಉತ್ತರ ಕೊಡಲಾಗದಿದ್ದರೆ ಅದನ್ನು ಮೂಲ ದರದಲ್ಲಿ ಸೇರಿಸಿ ನೇರವಾಗಿ ಹೇಳುವುದು ಒಳ್ಳೆಯದು.

ಪ್ರಯಾಣಿಕನು ಮಾಡತಕ್ಕದ್ದು ಇಷ್ಟು. ಟಿಕೆಟು ಕೊಳ್ಳುವಾಗ ಮೊದಲ ಸಾಲನ್ನು ಬಿಟ್ಟು ಕೊನೆಯ ಸಾಲುಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಬೇಕು. ಏಜೆಂಟನಿಂದ ಕೊಂಡರೆ ದರದ ವಿವರವನ್ನು ಕಾಗದದ ಮೇಲೆ ಬರೆಸಿಕೊಂಡು, ಪ್ರಯಾಣ ಮುಗಿಯುವ ತನಕ ಇಟ್ಟುಕೊಳ್ಳಬೇಕು. ಪ್ರಯಾಣ ನಿಂತರೆ ಆ ಕಾಗದವನ್ನು ತೆಗೆದು, ಯಾವುದು ಕಂಪನಿಯದು, ಯಾವುದು ತನ್ನದು ಎಂದು ನೋಡಿ ತನ್ನದನ್ನು ಕೇಳಬೇಕು. ಬಜಾರದಲ್ಲಿ ಹಮಾಲಿಯ ಹತ್ತು ರೂಪಾಯಿ ಹೆಚ್ಚಾದರೆ ಕೇಳದೆ ಬಿಡದ ನಮ್ಮ ಜನಕ್ಕೆ ಇದು ಹೊಸ ವಿದ್ಯೆಯೇನೂ ಅಲ್ಲ.