ತನ್ನ ಮೇಲೆ ತಾನು ನಗುವವರು



ಬಳ್ಳಾರಿ ಪಕ್ಕದ ಹಲಕುಂದಿಯಂಥ ಊರುಗಳಲ್ಲಿ ಸಂಜೆ ಹೊತ್ತು ಕಟ್ಟೆ ಮೇಲೆ ಹಿರಿಯರು ಕೂತಾಗ ಸಿನಿಮಾದ ಸುದ್ದಿ ಎದ್ದರೆ ಒಂದು ಮಾತು ಬಂದೇ ಬರುತ್ತದೆ. "ಆಗಿನ ಕಾಮಿಡಿ ಈಗೆಲ್ಲಿ ಐತಪಾ? ನರಸಿಂಹರಾಜು ಬಂದು ನಿಂತ್ರ ಸಾಕಿತ್ತು, ಮಾತಾಡೂದೇ ಬ್ಯಾಡಾಗಿತ್ತು" ಎಂದು ಒಬ್ಬರು ಅಂದರೆ, ಇನ್ನೊಬ್ಬರು "ತೆಲುಗಿನ ರೇಲಂಗಿನ್ನ ಯಾಕ ಬಿಟ್ಟಿ?" ಎನ್ನುತ್ತಾರೆ. ಗಡಿಭಾಗದ ನಮಗೆ ಕನ್ನಡದ ನಗುವೂ ಗೊತ್ತು, ತೆಲುಗಿನ ನಗುವೂ ಗೊತ್ತು.

ಹಳೆಯ ಹಾಸ್ಯಚಿತ್ರಗಳಿಗೆ ಈ ಸೆಳೆತ ಎಲ್ಲಿಂದ ಬಂತು? ಅವು ನಮ್ಮ ಹರೆಯದ ಚಿತ್ರಗಳು, ಅದಕ್ಕೇ ಪ್ರೀತಿ ಎಂದು ಬಿಡಬಹುದು. ಅದರಲ್ಲಿ ಸತ್ಯವೂ ಇದೆ. ಟೆಂಟ್ ಸಿನಿಮಾದ ಮರಳಿನ ಮೇಲೆ ಕೂತು ನೋಡಿದ್ದು, ಟಿಕೆಟ್ ಕೊಡುವ ಮೊದಲು ಮೈಕಿನಲ್ಲಿ ಹಾಕುತ್ತಿದ್ದ ದೇವರ ಹಾಡು, ರೀಲು ಬದಲಿಸುವಾಗ ಕತ್ತಲಲ್ಲಿ ಹೊಡೆದ ಸಿಳ್ಳೆ, ಇವೆಲ್ಲ ಆ ನಗುವಿಗೆ ಅಂಟಿಕೊಂಡಿವೆ. ಆದರೆ ಟೆಂಟನ್ನೇ ಕಾಣದ ಇಂದಿನ ಹುಡುಗರೂ ಮೊಬೈಲಿನಲ್ಲಿ ನರಸಿಂಹರಾಜು ಅವರನ್ನು ನೋಡಿ ನಗುತ್ತಾರಲ್ಲ? ಅವರಿಗೆ ಯಾವ ಹಳೆಯ ನೆನಪು? ಉತ್ತರ ಆ ನಟರಲ್ಲೇ ಇದೆ.

ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಮರುವರ್ಷವೇ 'ಬೇಡರ ಕಣ್ಣಪ್ಪ' ತೆರೆಗೆ ಬಂತು. ರಾಜಕುಮಾರ್ ಅವರನ್ನು ನಾಯಕನನ್ನಾಗಿ ಮಾಡಿದ ಆ ಚಿತ್ರವೇ ನರಸಿಂಹರಾಜು ಅವರನ್ನೂ ಮನೆಮಾತು ಮಾಡಿತು. ತಿಪಟೂರಿನ ಈ ನಟ ಚಿಕ್ಕಂದಿನಿಂದಲೇ ನಾಟಕ ಕಂಪನಿಗಳಲ್ಲಿ ಪಳಗಿದವರು. ಮುಂದಕ್ಕೆ ಚಾಚಿದ ಹಲ್ಲು, ಸಣಕಲು ಮೈ. ಕನ್ನಡಿ ನೋಡಿಕೊಂಡು ಕೊರಗಲು ಬೇಕಾದದ್ದೆಲ್ಲ ಇತ್ತು. ಅವರು ಕೊರಗಲಿಲ್ಲ. ಆ ಹಲ್ಲನ್ನೇ ಮುಂದಿಟ್ಟುಕೊಂಡು 'ಹಾಸ್ಯ ಚಕ್ರವರ್ತಿ' ಅನ್ನಿಸಿಕೊಂಡರು.

1965ರ 'ಸತ್ಯ ಹರಿಶ್ಚಂದ್ರ' ನೆನಪು ಮಾಡಿಕೊಳ್ಳಿ. ಹರಿಶ್ಚಂದ್ರನ ಕಥೆ ನಮಗೆ ದೂರದ್ದಲ್ಲ, ಅದನ್ನು ಕನ್ನಡದಲ್ಲಿ ಕಾವ್ಯವಾಗಿ ಹಾಡಿದ ರಾಘವಾಂಕ ನಮ್ಮ ಹಂಪಿಯವನು. ರಾಜ್ಯ ಹೋಗಿದೆ, ಹೆಂಡತಿ ಮಗನೊಂದಿಗೆ ರಾಜ ಬೀದಿಗೆ ಬಿದ್ದಿದ್ದಾನೆ. ಹಿಂದೆಯೇ ಸಾಲ ವಸೂಲಿಗೆ ನಕ್ಷತ್ರಿಕ. ಹೊತ್ತಿಲ್ಲ ಗೊತ್ತಿಲ್ಲ, ಕೊಡು ಕೊಡು ಎಂದು ಬೆನ್ನು ಹತ್ತಿದ್ದಾನೆ. ಆ ಪಾತ್ರ ನರಸಿಂಹರಾಜು ಅವರದು. ನೋಡುವವರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಲೇ ನಗುತ್ತಾರೆ. ಸಾಲಗಾರರ ಕಾಟ ಕಂಡುಂಡ ರೈತ ಮಂದಿಗೆ ಆ ನಗೆ ಇನ್ನೂ ಒಂದು ಗುಕ್ಕು ಹೆಚ್ಚೇ ಬಂದಿರಬೇಕು. ದುಃಖ ಮರೆಸುವ ನಗು ಅದಲ್ಲ, ದುಃಖದ ಪಕ್ಕದಲ್ಲೇ ಕೂತು ಒಂದಿಷ್ಟು ಉಸಿರಾಡಲು ಬಿಡುವ ನಗು.

ಬಾಲಣ್ಣನವರದು ಮತ್ತೊಂದು ಬಗೆ. ಅರಸೀಕೆರೆಯ ಟಿ.ಎನ್. ಬಾಲಕೃಷ್ಣ ಅವರಿಗೆ ಎಳವೆಯಿಂದಲೇ ಕಿವಿ ಕೇಳಿಸುತ್ತಿರಲಿಲ್ಲ. ಹಾಸ್ಯನಟನಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಸಮಯ. ಎದುರಿನವರ ಮಾತು ಎಲ್ಲಿ ನಿಂತಿತು, ನನ್ನದು ಎಲ್ಲಿ ಎತ್ತಬೇಕು ಎಂಬ ಲೆಕ್ಕ ಒಂದು ಗಳಿಗೆ ತಪ್ಪಿದರೂ ನಗು ಸತ್ತೇಹೋಗುತ್ತದೆ. ಬಾಲಣ್ಣ ಎದುರಿನವರ ತುಟಿ ನೋಡಿ ಆ ಲೆಕ್ಕ ಹಿಡಿಯುತ್ತಿದ್ದರು. ಈಗ 'ಬಂಗಾರದ ಮನುಷ್ಯ'ದ ರಾಚೂಟಪ್ಪನನ್ನು ಮತ್ತೊಮ್ಮೆ ನೋಡಿ. ಇವರಿಗೆ ಕೇಳಿಸುವುದಿಲ್ಲ ಎಂದು ನಂಬುವುದೇ ಕಷ್ಟ.

ಇನ್ನು ದ್ವಾರಕೀಶ್. ಊರವರು ಆಡಿಕೊಳ್ಳುವ ಮೊದಲೇ ಅವರು ತಮ್ಮ ಎತ್ತರವನ್ನು ಪೋಸ್ಟರಿಗೆ ಏರಿಸಿಬಿಟ್ಟರು. 'ಕುಳ್ಳ ಏಜೆಂಟ್ 000', 'ಸಿಂಗಾಪೂರ್‌ನಲ್ಲಿ ರಾಜಾಕುಳ್ಳ', 'ಪ್ರಚಂಡ ಕುಳ್ಳ'. ಇಂಗ್ಲೆಂಡಿನ ಗೂಢಚಾರ ಜೇಮ್ಸ್ ಬಾಂಡ್ 007 ಜಗತ್ತನ್ನೇ ಆಳುತ್ತಿದ್ದ ಕಾಲದಲ್ಲಿ, 1972ರಲ್ಲಿ, ನಮ್ಮ ಕುಳ್ಳ ಮೂರು ಸೊನ್ನೆ ಹಚ್ಚಿಕೊಂಡು ಬಂದ! ತನ್ನನ್ನು ತಾನೇ ಸೊನ್ನೆ ಅಂದುಕೊಂಡು ನಗುವವನನ್ನು ಇನ್ನು ಯಾರು ತಾನೇ ಹಂಗಿಸಿಯಾರು?

ತನ್ನ ಮೇಲೆ ತಾನು ನಗುವುದು ನಮ್ಮ ನಾಡಿನದಷ್ಟೇ ಗುಟ್ಟಲ್ಲ. ಲಂಡನ್ನಿನ ಬಡ ಕೇರಿಯಲ್ಲಿ ಹಸಿದು ಬೆಳೆದ ಚಾರ್ಲಿ ಚಾಪ್ಲಿನ್ ಕೂಡ ನಮ್ಮ ನಟರ ಹಾಗೆಯೇ ಕಂಪನಿಯಿಂದ ಬಂದವರು. ಫ್ರೆಡ್ ಕಾರ್ನೋ ಎಂಬುವರ ತಂಡದೊಂದಿಗೆ 1910ರಲ್ಲಿ ಅಮೆರಿಕಕ್ಕೆ ಹೋದರು. ಲಾರೆಲ್-ಹಾರ್ಡಿ ಜೋಡಿಯ ಲಾರೆಲ್ ಕೂಡ ಅದೇ ತಂಡದಲ್ಲಿದ್ದರು. 1925ರ 'ದಿ ಗೋಲ್ಡ್ ರಶ್' ಚಿತ್ರದಲ್ಲಿ ಹೊಟ್ಟೆಗಿಲ್ಲದ ಚಾಪ್ಲಿನ್ ತನ್ನ ಬೂಟನ್ನೇ ಬೇಯಿಸುತ್ತಾರೆ. ತಟ್ಟೆಗೆ ಹಾಕಿಕೊಂಡು, ಅದರ ಲಾಡಿಯನ್ನು ಶಾವಿಗೆಯಂತೆ ಸುತ್ತಿ ಬಾಯಿಗಿಟ್ಟು, ಮೊಳೆಗಳನ್ನು ಒಂದೊಂದಾಗಿ ಚೀಪುತ್ತಾರೆ. ಹಸಿವು ಕಂಡವರೇ ಹಸಿವಿನ ಮೇಲೆ ಹಾಗೆ ನಗಿಸಬಲ್ಲರು.

ಹಾಗೆಂದು ಹಳೆಯದೆಲ್ಲ ಬಂಗಾರವೇನಲ್ಲ. ತೊದಲುವವರನ್ನು, ದಪ್ಪಗಿರುವ ಹೆಣ್ಣುಮಕ್ಕಳನ್ನು, ಮನೆಗೆಲಸದವರನ್ನು ಗೇಲಿ ಮಾಡಿದ ದೃಶ್ಯಗಳು ಆಗಲೂ ಬೇಕಾದಷ್ಟಿದ್ದವು. ಅಂಥವು ಈಗ ನೋಡಿದರೆ ಮುಜುಗರವಾಗುತ್ತದೆ. ಕಾಲ ಅವನ್ನು ಜರಡಿ ಹಿಡಿದು ಕೆಳಗೆ ಚೆಲ್ಲಿತು. ಉಳಿದದ್ದು ಯಾವುದು ಎಂದರೆ ಕಲಾವಿದ ತನ್ನ ಹಲ್ಲು, ತನ್ನ ಎತ್ತರ, ತನ್ನ ಹಸಿವು, ತನ್ನ ಪೇಚಾಟವನ್ನೇ ಮುಂದಿಟ್ಟು ನಗಿಸಿದ್ದು. ಹರಪನಹಳ್ಳಿಯಲ್ಲಿ ಹುಟ್ಟಿದ ನಮ್ಮ ಹಾಸ್ಯ ಬರಹಗಾರ ಬೀಚಿಯವರನ್ನು ಜನ ಇಂದಿಗೂ ಓದುವುದು ಇದೇ ಕಾರಣಕ್ಕೆ. ಅವರ ಬರಹಗಳ ತಿಂಮನನ್ನು ನೋಡಿ ನಗುತ್ತ ನಗುತ್ತ, ಅರೆ, ಇವನು ನಾನೇ ಅಲ್ಲವೇ ಅನ್ನಿಸಿಬಿಡುತ್ತದೆ.

ನಾವು ದಿನಾ ಮಾಡುವ ತಮಾಷೆಯನ್ನು ಈ ಜರಡಿಯಲ್ಲಿ ಒಮ್ಮೆ ಹಾಕಿ ನೋಡಬೇಕು. ಗೆಳೆಯರ ಗುಂಪಿನಲ್ಲಿ, ಕಚೇರಿಯಲ್ಲಿ, ವಾಟ್ಸಾಪಿನಲ್ಲಿ ನಾವು ನಗುವುದು ಯಾರನ್ನು ನೋಡಿ? ಹೆಚ್ಚಿನ ಪಾಲು ತಿರುಗಿ ಮಾತಾಡಲಾರದವರನ್ನು. ಒಬ್ಬನ ಬಣ್ಣ, ಇನ್ನೊಬ್ಬನ ಇಂಗ್ಲಿಷು, ಮತ್ತೊಬ್ಬಳ ಅಡುಗೆ. ಆಮೇಲೆ "ಸುಮ್ಮನೆ ತಮಾಷೆಗೆ ಅಂದೆ" ಎಂಬ ಸಮಜಾಯಿಷಿ ಬೇರೆ. ತಮಾಷೆಗೆ ಒಳಗಾದವರೂ ಕೂಡಿ ನಕ್ಕರೆ ಮಾತ್ರ ಅದು ತಮಾಷೆ.

ಮಕ್ಕಳಿಗೆ ಇದನ್ನು ಕಲಿಸುವುದಕ್ಕೆ ಪಾಠ ಬೇಕಿಲ್ಲ. ಇಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪನೋ ಅಮ್ಮನೋ ತಾವು ಪೇಚಿಗೆ ಸಿಕ್ಕಿದ ಒಂದು ಪ್ರಸಂಗ ಹೇಳಿಕೊಂಡು ಮೊದಲು ತಾವೇ ನಗಲಿ. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದದ್ದನ್ನು ಮುಚ್ಚಿಟ್ಟುಕೊಂಡಿರುವ ಮಗ ಅಂಥ ಮನೆಯಲ್ಲಿ ಬಾಯಿ ಬಿಟ್ಟಾನು. ತಪ್ಪಿದವರನ್ನು ಇಲ್ಲಿ ಹಂಗಿಸುವುದಿಲ್ಲ ಎಂಬ ಧೈರ್ಯ ಅವನಿಗೆ ಬಂದಿರುತ್ತದೆ.