ತೊಟ್ಟಿ ಮನೆ ಕೆಡವುವ ಮುನ್ನ



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಮನೆ ಕೆಡವಿ ನೋಡು ಎಂದು ಮಾತ್ರ ಯಾರೂ ಹೇಳಲಿಲ್ಲ. ಕೆಡವುವುದರಲ್ಲಿ ನೋಡುವುದೇನಿದೆ, ನಾಲ್ಕು ಆಳು, ಎರಡು ಹಾರೆ ಇದ್ದರೆ ಆಯಿತಲ್ಲ ಅಂತೀರಿ. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಕೆಂಗೇರಿಯಿಂದಾಚೆ ಒಂದು ಹಳ್ಳಿಯಲ್ಲಿ ನಮ್ಮ ಸೋದರಮಾವನವರ ತೊಟ್ಟಿ ಮನೆ ಇತ್ತು. ಅವರ ಕಾಲವಾದ ಮೇಲೆ ಮೂವರು ಮಕ್ಕಳು ಪಾಲಾದರು. ಹೊಲಕ್ಕೆ ಬದು ಹಾಕಬಹುದು, ತೊಟ್ಟಿಗೆ ಬದು ಹಾಕುವುದು ಹೇಗೆ? ಕೊನೆಗೆ ಮನೆ ಕೆಡವಿ ಜಾಗ ಹಂಚಿಕೊಳ್ಳುವುದೆಂದು ತೀರ್ಮಾನವಾಯಿತು. ತಲೆಮಾರುಗಳಿಂದ ನಿಂತಿದ್ದ ಮನೆ ಮೂರು ದಿನದಲ್ಲಿ ನೆಲಕ್ಕೆ ಬಂತು. ಹನ್ನೆರಡು ಕಂಬಗಳಿಗೂ ಸೇರಿಸಿ ಒಂದೇ ಬೆಲೆ ಕಟ್ಟಿ ಮರದ ವ್ಯಾಪಾರಿ ಲಾರಿಗೆ ಹೇರಿಕೊಂಡ. ಅತ್ತೆಯವರು ಹೊಸಿಲಿಗೆ ಅರಿಸಿನ ಕುಂಕುಮ ಹಚ್ಚಿ, "ಈ ಬಾಗಿಲುವಾಡ ಒಂದನ್ನ ಬಿಡ್ರಪ್ಪಾ" ಅಂದರು. ಗಡಿಬಿಡಿಯಲ್ಲಿ ಅದೂ ಹೋಯಿತು. ಮರುವಾರ ಹುಡುಕಿಕೊಂಡು ಹೋದಾಗ ಅದು ಯಾರ ಕೈಸೇರಿತ್ತೋ, ಸಿಕ್ಕಲಿಲ್ಲ.

ಇದು ನಮ್ಮ ಒಂದು ಮನೆಯ ಮಾತಲ್ಲ. 1949ರಲ್ಲಿ ರಾಜಾಜಿನಗರಕ್ಕೆ ಅಸ್ತಿಭಾರ ಬಿದ್ದ ಮೇಲೆ ಬೆಂಗಳೂರಿನ ಪಡುವಣ ದಿಕ್ಕಿನ ಹೊಲಗದ್ದೆಗಳು ಒಂದೊಂದಾಗಿ ಬಡಾವಣೆಗಳಾದವು. 2021ರಲ್ಲಿ ಮೆಟ್ರೋ ರೈಲು ಕೆಂಗೇರಿಗೇ ಬಂತು. ಇನ್ನು ಅದರಾಚೆಯ ಊರುಗಳಲ್ಲಿ ಉಳಿದಿರುವ ಹಳೆಯ ಮನೆಗಳ ಬಾಗಿಲಿಗೆ ವ್ಯಾಪಾರಿ ಬರುವುದು ತಡವೇನಲ್ಲ. ಅವನು ಬರುವ ಮುನ್ನ ನಾವು ನಮ್ಮ ಮನೆಯನ್ನು ಒಂದು ಸಲ ಕಣ್ಣಿಟ್ಟು ನೋಡಬೇಕು. ಹಾಗೆ ನೋಡಿದವರೊಬ್ಬರ ಕಥೆಯನ್ನು ಈಗ ಹೇಳುತ್ತೇನೆ.

ಉಡುಪಿಯ ಪಕ್ಕದ ಮಣಿಪಾಲದಲ್ಲಿ ವಿಜಯನಾಥ ಶೆಣೈ ಎಂಬವರಿದ್ದರು. ಅರಸರಲ್ಲ, ಜಹಗೀರುದಾರರಲ್ಲ, ಸಿಂಡಿಕೇಟ್ ಬ್ಯಾಂಕಿನಲ್ಲಿ ನೌಕರಿ ಮಾಡುತ್ತಿದ್ದವರು. ಕರಾವಳಿಯಲ್ಲಿ ಹಳೆಯ ಮನೆಗಳು ಬೀಳುತ್ತಿದ್ದುದನ್ನು ಕಂಡು ಅವರ ಜೀವ ತಡೆಯಲಿಲ್ಲ. ಕೆತ್ತನೆಯ ಕಂಬ, ಬಾಗಿಲು, ಕಿಟಕಿಗಳನ್ನು ಕೊಂಡು ತಂದರು. ಅವುಗಳನ್ನು ಬಳಸಿ ತಮಗೊಂದು ಮನೆ ಕಟ್ಟಿ, ಅದಕ್ಕೆ 'ಹಸ್ತಶಿಲ್ಪ' ಎಂದು ಹೆಸರಿಟ್ಟರು. ಆದರೆ ಬಿಡಿ ಕಂಬ ಉಳಿದರೆ ಮನೆ ಉಳಿದಂತಾಗಲಿಲ್ಲ ಎಂದು ಅವರಿಗೆ ತೋರಿತು. ಅಲ್ಲಿಂದ ಮುಂದೆ ಇಡಿಯ ಮನೆಗಳನ್ನೇ ಬಿಚ್ಚಿ ತಂದು, ಇದ್ದಂತೆಯೇ ಮತ್ತೆ ನಿಲ್ಲಿಸುವ ಕೆಲಸಕ್ಕೆ ಕೈಹಾಕಿದರು.

ಇಂದು ಮಣಿಪಾಲದ ಹಸ್ತಶಿಲ್ಪ ಪರಂಪರೆ ಗ್ರಾಮಕ್ಕೆ ಹೋದರೆ 1816ರ ಕುಂಜೂರು ಚೌಕಿ ಮನೆಯನ್ನೂ 1856ರ ಮಿಯಾರು ಮನೆಯನ್ನೂ ಒಳಹೊಕ್ಕು ನೋಡಬಹುದು. ಭಟ್ಕಳದ ನವಾಯತ ಮುಸಲ್ಮಾನರ ಮನೆ ಉಂಟು, ಮುಧೋಳದ ಅರಮನೆಯ ದರ್ಬಾರು ಉಂಟು, ಕುಕನೂರಿನ ಕಮಲ ಮಹಲು ಉಂಟು. ದೊಡ್ಡವರ ಮನೆ ಸಣ್ಣವರ ಮನೆ, ಈ ಜಾತಿ ಆ ಮತ ಎನ್ನದೆ ಕೂಡಿಸಿದ ಊರು ಅದು. ಶೆಣೈಯವರು 2017ರಲ್ಲಿ ತೀರಿಕೊಂಡರು, ಮನೆಗಳು ನಿಂತಿವೆ.

ಒಬ್ಬ ನೌಕರಸ್ಥನಿಗೆ ಇದು ಹೇಗೆ ಸಾಧ್ಯವಾಯಿತು ಎಂದು ಕೇಳುತ್ತೀರಿ. ಅದರ ಅರ್ಧ ಗುಟ್ಟು ನಮ್ಮ ಹಳೆಯ ಬಡಗಿಗಳ ಕೈಯಲ್ಲೇ ಇದೆ. ಆ ಮನೆಗಳ ಕಂಬ, ಬೋದಿಗೆ, ತೊಲೆ, ಜಂತೆಗಳನ್ನು ಹೆಚ್ಚಾಗಿ ಒಂದರೊಳಗೊಂದು ಕೂರಿಸಿ ಜೋಡಿಸಿರುತ್ತಾರೆ. ಮೊಳೆಯ ಕೆಲಸ ಕಡಿಮೆ. ಜೋಡಿಸಿದ್ದನ್ನು ಬಿಚ್ಚಬಹುದು, ಬಿಚ್ಚಿದ್ದನ್ನು ಮತ್ತೆ ಜೋಡಿಸಬಹುದು. ಇಂದಿನ ಕಾಂಕ್ರೀಟು ಮನೆಯನ್ನು ಒಡೆಯಬಹುದೇ ಹೊರತು ಬಿಚ್ಚಲಾಗದು. ನಮ್ಮ ಅಜ್ಜಂದಿರು ಕಟ್ಟಿದ ಮನೆ ನೇಗಿಲಿನಂತೆ, ಗಾಡಿಯಂತೆ. ಸವೆದ ಭಾಗವನ್ನು ತೆಗೆದು ಹೊಸದು ಹಾಕಬಹುದು.

ಹಾಗಿದ್ದರೆ ಇಷ್ಟೊಂದು ಮನೆಗಳು ಬಿದ್ದದ್ದೇಕೆ? ದೊಡ್ಡ ಮನೆ ನಡೆಯಬೇಕಾದರೆ ದೊಡ್ಡ ಆದಾಯ ಬೇಕು, ತುಂಬ ಕೈಗಳು ಬೇಕು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿಯ ಭೂಮಿ ಉಳುವವನಿಗೆ ಸೇರಿತು. ಅದು ನ್ಯಾಯವೇ. ಆದರೆ ಗೇಣಿಯನ್ನೇ ನಂಬಿದ್ದ ಮನೆಗಳಿಗೆ ವರ್ಷವರ್ಷ ಹೆಂಚು ಕೈಯಾಡಿಸುವ ಶಕ್ತಿ ಉಳಿಯಲಿಲ್ಲ. ಕೂಡು ಕುಟುಂಬಗಳು ಒಡೆದವು, ಮಕ್ಕಳು ಪಟ್ಟಣ ಸೇರಿದರು. ಒಂದು ಹೆಂಚು ಸರಿದಲ್ಲಿ ಜಂತೆ ನೆನೆಯಿತು. ಜಂತೆ ನೆನೆದಲ್ಲಿ ಗೆದ್ದಲು ಹತ್ತಿತು.

ಇದು ನಮ್ಮ ನಾಡಿನ ಕಷ್ಟ ಮಾತ್ರವಲ್ಲ. ಸ್ವೀಡನ್ ದೇಶದಲ್ಲಿ ಆರ್ಟುರ್ ಹಾಸೇಲಿಯಸ್ ಎಂಬವರು ಹಳ್ಳಿಗಳ ರೈತರ ಮನೆಗಳನ್ನು ಬಿಚ್ಚಿ ತಂದು, 1891ರಲ್ಲಿ ಸ್ಟಾಕ್‌ಹೋಮ್ ಪಟ್ಟಣದಲ್ಲಿ ಸ್ಕಾನ್ಸನ್ ಎಂಬ ಬಯಲು ವಸ್ತುಸಂಗ್ರಹಾಲಯ ತೆರೆದರು. ಚೆನ್ನೈ ಹತ್ತಿರದ ದಕ್ಷಿಣಚಿತ್ರದಲ್ಲಿ ನಮ್ಮ ಇಳಕಲ್ಲಿನ ನೇಕಾರರ ಮನೆಯೊಂದು ನಿಂತಿದೆ. ರೈತನ ಮನೆ, ನೇಕಾರನ ಮನೆಯೂ ಅರಮನೆಯಷ್ಟೇ ನೋಡತಕ್ಕದ್ದು ಎಂಬುದನ್ನು ಇವರು ಕಂಡುಕೊಂಡರು.

ಆದರೂ ಒಂದು ಮಾತನ್ನು ಮರೆಮಾಚಬಾರದು. ತಂದು ನಿಲ್ಲಿಸಿದ ಮನೆಯಲ್ಲಿ ಒಲೆ ಉರಿಯುವುದಿಲ್ಲ, ಕರು ಕೂಗುವುದಿಲ್ಲ. ಬೇರೆ ದಾರಿಯಿಲ್ಲದೆ ಬೀಳಲಿದ್ದ ಮನೆಗೆ ಅದು ಮರುಜನ್ಮ. ನಿಂತಿರುವ ಮನೆಗಾದರೆ ಅದು ನಿಂತಲ್ಲೇ ಬಾಳುವುದು ಮೇಲು. ಆದ್ದರಿಂದ ನಿಮ್ಮ ಮನೆಯನ್ನು ನೀವೇ ಉಳಿಸಿಕೊಳ್ಳುವ ಉಪಾಯಗಳನ್ನು ಕೇಳಿ.

ಮೊದಲನೆಯದು, ಮಾಡು. ಮುಂಗಾರಿಗೆ ಮುಂಚೆ ಹೆಂಚು ಕೈಯಾಡಿಸಿರಿ. ಒಡೆದ ಒಂದು ಹೆಂಚಿನ ಬೆಲೆ ಅಲ್ಪ. ಅದರ ಕೆಳಗಿನ ಜಂತೆಯ ಬೆಲೆ ಅಲ್ಪವಲ್ಲ. ನಾಡಹೆಂಚಿನ ಮಾಡಿಗೆ ಮಂಗಳೂರು ಹೆಂಚು ಹಾಕಬೇಕೆಂದಿದ್ದರೆ ಮಾಡಿನ ಇಳಿಜಾರು ಸಾಕೆ, ಜಂತೆ ಗಟ್ಟಿಯಿದೆಯೆ ಎಂದು ಬಡಗಿಯನ್ನು ಕೇಳಿ ಮುಂದುವರಿಯಿರಿ. ತೊಟ್ಟಿಯ ನೀರು ಹೊರಗೆ ಹೋಗುವ ತೂಬನ್ನೂ ಅದೇ ವಾರ ಶುದ್ಧಿ ಮಾಡಿ. ಅಲ್ಲಿ ನೀರು ನಿಂತರೆ ಕಂಬದ ಬುಡಕ್ಕೆ ಕೇಡು.

ಎರಡನೆಯದು, ಗೋಡೆ. ಮಣ್ಣಿನ ಗೋಡೆಗೆ ಸಿಮೆಂಟು ಗಾರೆ ಮಾಡಿಸುವುದು ಈಗಿನ ರೂಢಿ. ನೋಡಲು ಗಟ್ಟಿ, ಗುಣದಲ್ಲಿ ಹಾನಿ. ಮಣ್ಣಿನ ಗೋಡೆ ನೆಲದ ತೇವವನ್ನು ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಸಿಮೆಂಟು ಅದರ ಉಸಿರು ಕಟ್ಟಿಸುತ್ತದೆ. ತೇವ ಒಳಗೇ ಉಳಿದು ಕೆಲವು ವರ್ಷಗಳಲ್ಲಿ ಗಾರೆ ಹಪ್ಪಳದಂತೆ ಏಳುತ್ತದೆ, ಜೊತೆಗೆ ಮಣ್ಣೂ ಉದುರುತ್ತದೆ. ಮಣ್ಣಿಗೆ ಮಣ್ಣು, ಇಲ್ಲವೆ ಸುಣ್ಣದ ಗಾರೆಯೇ ತಕ್ಕದ್ದು. ಸುಣ್ಣವನ್ನು ನೀರಿನಲ್ಲಿ ಎರಡು ವಾರಕ್ಕೆ ಕಡಿಮೆಯಿಲ್ಲದಂತೆ ನೆನೆಹಾಕಿ, ಒಂದು ಪಾಲಿಗೆ ಮೂರು ಪಾಲು ಮರಳು ಕೂಡಿಸಿ ಬಳಸಬಹುದು. ಸುಡುವ ಸುಣ್ಣ, ಮಕ್ಕಳನ್ನು ದೂರ ಇಡಿ.

ಮೂರನೆಯದು, ಮರ. ಕಂಬದ ಬುಡ, ಗೋಡೆಯೊಳಗೆ ಹೊಕ್ಕ ತೊಲೆಯ ತುದಿ, ಇವೆರಡನ್ನೂ ವರ್ಷಕ್ಕೊಮ್ಮೆ ಬೆರಳಿನಿಂದ ತಟ್ಟಿ ನೋಡಿ. ಬೊಳ್ಳು ಸದ್ದು ಬಂದರೆ ಒಳಗೆ ಕೆಲಸ ನಡೆದಿದೆ ಎಂದೇ ತಿಳಿಯಿರಿ. ಗೋಡೆಯ ಮೇಲೆ ಗೆದ್ದಲಿನ ಮಣ್ಣುಗೆರೆ ಕಂಡರೆ ಗುಡಿಸಿ ಸುಮ್ಮನಾಗಬೇಡಿ. ಅದು ಎಲ್ಲಿಂದ ಹೊರಟಿದೆ ಎಂದು ಹುಡುಕಿ. ಕರಾವಳಿಯವರು ಮರಕ್ಕೆ ಗೇರು ಸಿಪ್ಪೆಯ ಎಣ್ಣೆ ಬಳಿಯುತ್ತಾರೆ, ಒಳ್ಳೆಯದು. ಆದರೆ ಅದು ಚರ್ಮವನ್ನು ಸುಡುತ್ತದೆ, ಬರಿಗೈಯಲ್ಲಿ ಮುಟ್ಟಬಾರದು. ಒಂದು ಕಂಬದ ಬುಡ ಕೊಳೆತಿದ್ದರೆ ಕೊಳೆತಷ್ಟನ್ನು ಕೊಯ್ದು, ಕೆಳಗೆ ಕಲ್ಲು ಕೊಟ್ಟು ನಿಲ್ಲಿಸುವ ಬಡಗಿಗಳು ಇನ್ನೂ ಇದ್ದಾರೆ. ಒಂದು ಕಂಬಕ್ಕಾಗಿ ಮನೆ ಕೆಡವಬೇಕಾಗಿಲ್ಲ.

ತಾಯಂದಿರ ಆಕ್ಷೇಪಣೆಯೂ ನನಗೆ ಗೊತ್ತು. "ಚೆಂದ ನಿಮಗೆ, ಕತ್ತಲು ಹೊಗೆ ನಮಗೆ" ಅಂತೀರಿ. ನಿಜ. ಹಳೆಯ ಮನೆ ಉಳಿಸಬೇಕೆಂದರೆ ಹಳೆಯ ಕಷ್ಟವನ್ನೂ ಉಳಿಸಬೇಕೆಂದಲ್ಲ. ಅಡಿಗೆಮನೆಯ ಮಾಡಿನಲ್ಲಿ ನಾಲ್ಕು ಗಾಜಿನ ಹೆಂಚು ಕೂರಿಸಿದರೆ ಬೆಳಕು ಬರುತ್ತದೆ, ಹೊಗೆಗೂಡು ಇಟ್ಟರೆ ಹೊಗೆ ಹೋಗುತ್ತದೆ. ಹಿತ್ತಲ ಕಡೆಗೆ ಬಚ್ಚಲು, ಕಕ್ಕಸು ಕಟ್ಟಿಸಿದರೆ ತೊಟ್ಟಿಗೆ ಏನೂ ಕುಂದಿಲ್ಲ. ಬೇಸಗೆಯಲ್ಲಿ ತೊಟ್ಟಿಯ ಸುತ್ತಿನ ಪಡಸಾಲೆಯ ತಂಪು ಯಾವ ಫ್ಯಾನಿನಿಂದ ಬಂದೀತು?

ಇಷ್ಟಾದರೂ ಕೆಡವಲೇಬೇಕಾದ ಕಾಲ ಬರಬಹುದು. ಸಾಲ ಇರುತ್ತದೆ, ಪಾಲು ಇರುತ್ತದೆ. ಯಾರನ್ನೂ ದೂರುವ ಹಾಗಿಲ್ಲ. ಆಗಲೂ ಹಾರೆ ಎತ್ತುವ ಮುನ್ನ ಹೀಗೆ ಮಾಡಿ. ಕೈಯಲ್ಲಿರುವ ಮೊಬೈಲಿನಿಂದ ಪ್ರತಿ ಕೋಣೆಯನ್ನೂ ನಾಲ್ಕು ಮೂಲೆಯಿಂದ ಚಿತ್ರ ತೆಗೆಯಿರಿ. ಒಂದು ಹಾಳೆಯಲ್ಲಿ ಮನೆಯ ನಕ್ಷೆ ಬರೆದು ಅಳತೆ ಗುರುತಿಸಿ. ಕಂಬ, ಬೋದಿಗೆ, ತೊಲೆ, ಜಂತೆಗಳಿಗೆ ಬಣ್ಣದಲ್ಲಿ ಅಂಕಿ ಬರೆದು, ಅದೇ ಅಂಕಿಯನ್ನು ನಕ್ಷೆಯಲ್ಲೂ ಬರೆಯಿರಿ. ಮೇಲಿನಿಂದ ಕೆಳಕ್ಕೆ ಬಿಚ್ಚಿರಿ: ಮೊದಲು ಹೆಂಚು, ಆಮೇಲೆ ರೀಪು, ಜಂತೆ, ತೊಲೆ, ಕೊನೆಗೆ ಕಂಬ. ಅಂಕಿ ಬರೆದ ಮರ ಮನೆಯಾಗಿಯೇ ಉಳಿಯುತ್ತದೆ, ಇನ್ನೊಂದು ಕಡೆ ನಿಲ್ಲಬಲ್ಲುದು. ಅಂಕಿಯಿಲ್ಲದ್ದು ಬರಿಯ ಮರ. ಮಾರುವುದಾದರೂ ಒಬ್ಬ ಬಡಗಿಯಿಂದ ಬೆಲೆ ಕೇಳಿಯೇ ಮಾರಿ. ರಾಶಿ ಲೆಕ್ಕದಲ್ಲಿ ಕೊಡಬೇಡಿ.

ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ: ಮರ ಎಲ್ಲಿಂದ ಬಂತು, ಬಡಗಿ ಯಾವ ಊರವನು, ಹಗೇವು ಎಲ್ಲಿತ್ತು, ಯಾವ ಕೋಣೆಯಲ್ಲಿ ಯಾರು ಹುಟ್ಟಿದರು. ಅದನ್ನು ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಬರೆಸಿ.

ನಮ್ಮ ಅತ್ತೆಯವರು ಈಗ ಮಗನ ಹೊಸ ಮನೆಯಲ್ಲಿದ್ದಾರೆ. ಮನೆ ಒಳ್ಳೆಯದೇ. ಹಬ್ಬದ ದಿನ ಹೊಸಿಲಿಗೆ ಅರಿಸಿನ ಹಚ್ಚಲು ಬಗ್ಗಿದಾಗ ಮಾತ್ರ ಒಂದು ಗಳಿಗೆ ಕೈ ತಡೆಯುತ್ತದೆ. ನಿಮ್ಮ ಮನೆಯ ತಾಯಂದಿರಿಗೆ ಹಾಗಾಗದಿರಲಿ. ಮುಂಗಾರು ಹತ್ತಿರ ಬರುತ್ತಿದೆ; ನಾಳೆಯೇ ಏಣಿ ಹಾಕಿ ಹೆಂಚು ನೋಡಿ.